ಹೊರದೇಶದಿಂದ ತರಿಸಿದ ಮೊದಲ ಆರ್‌ಸಿ (ರೇಡಿಯೊ ನಿಯಂತ್ರಿತ) ವಿಮಾನ: ಕೊಡಗಿನಲ್ಲಿ ಕೆಲವು ಮಳೆಗಾಲ ದಾಟಿದ ಮೇಲೆ

ಮಾದರಿ: 1.1 ಮೀಟರ್ ರೆಕ್ಕೆ, ಇಪಿಒ ಎಂಬ ಬಗೆಯ ಫೋಮ್ ಮೈ, ಹಿಂಬದಿ ಪ್ರೊಪೆಲ್ಲರ್, ನಾಲ್ಕು ಚಾನೆಲ್ (ರಿಮೋಟಿನಿಂದ ನಾಲ್ಕು ಬೇರೆ ಬೇರೆ ಹಿಡಿತ), ವಾಲಿದರೆ ತಾನೇ ಸರಿಪಡಿಸುವ ಗೈರೋ ಇರುವ ತರಬೇತಿ ವಿಮಾನ. ಬ್ಯಾಟರಿ 3ಎಸ್ (ಮೂರು ಸೆಲ್) 2200 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್). ಬಳಕೆ 2021ರಿಂದ. ಹೆಚ್ಚುಕಡಿಮೆ ಇಂಥದೇ ವಿಮಾನ ಹಲವು ಹೆಸರುಗಳಲ್ಲಿ ಬರುತ್ತದೆ, ಹಾಗಾಗಿ ಬ್ರಾಂಡ್ ಹೇಳುತ್ತಿಲ್ಲ.

ವಿಮಾನಕ್ಕೆ ಐದರಲ್ಲಿ ನಾಲ್ಕು. ಜೊತೆಗೆ ಬರುವ ಚಾರ್ಜರಿಗೆ ಒಂದು ಕೊಟ್ಟರೆ ಹೆಚ್ಚಾಯಿತು.

ಮೊದಲು ಕಸ್ಟಮ್ಸ್ ವಿಷಯ, ಏಕೆಂದರೆ 2021ರ ಸ್ಥಿತಿ ಈಗಿಲ್ಲ. 2022ರ ಫೆಬ್ರವರಿ 9ರಿಂದ ಡ್ರೋನ್‌ಗಳನ್ನು ಪೂರ್ತಿಯಾಗಿ ಅಥವಾ ಕಿಟ್ ರೂಪದಲ್ಲಿ ಆಮದು ಮಾಡುವುದಕ್ಕೆ ನಿಷೇಧವಿದೆ, ಬಿಡಿಭಾಗಗಳಿಗೆ ಇಲ್ಲ. ನಿಮ್ಮ ಪಾರ್ಸೆಲ್ಲನ್ನು ಡ್ರೋನ್ ಎಂದು ಪರಿಗಣಿಸಿದರೆ ಅಲ್ಲೇ ನಿಂತಿತು. ಆಟಿಕೆ ಎಂದು ಪರಿಗಣಿಸಿದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಕೇಳಬಹುದು. ಆದ್ದರಿಂದ ಈಗ ಶುರು ಮಾಡುವವರು ಇಂಥ ವಿಮಾನವನ್ನು ದೇಶದೊಳಗಿನ ಅಂಗಡಿಯಿಂದ ಕೊಂಡು, ಹೊರಗಿನಿಂದ ಬಿಡಿಭಾಗ ಮಾತ್ರ ತರಿಸುವುದು ಕ್ಷೇಮ. ಎರಡು ಮೂರು ಪ್ರೊಪೆಲ್ಲರ್, ಒಂದು ಪ್ರೊಪ್ ಅಡಾಪ್ಟರ್ (ಪ್ರೊಪೆಲ್ಲರನ್ನು ಮೋಟಾರಿಗೆ ಕೂರಿಸುವ ತುಂಡು), ಕಂಟ್ರೋಲ್ ಹಾರ್ನ್ (ರೆಕ್ಕೆ, ಬಾಲದ ಅಲ್ಲಾಡುವ ಪಟ್ಟಿಗೆ ಕಡ್ಡಿ ಸಿಕ್ಕಿಸುವ ತುಂಡು), ಮುಂದಿನ ಚಕ್ರದ ಕಡ್ಡಿ: ಮೊದಲು ಮುರಿಯುವುದು ಇವೇ. 9 ಗ್ರಾಂ ಸರ್ವೋ (ಆ ಪಟ್ಟಿಗಳನ್ನು ಅಲ್ಲಾಡಿಸುವ ಪುಟ್ಟ ಮೋಟಾರ್) ಬೆಂಗಳೂರಿನಲ್ಲೇ ಸಿಗುತ್ತದೆ.

ಬ್ಯಾಟರಿಯನ್ನೂ ಇಲ್ಲೇ ಕೊಳ್ಳಿ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವಂತಿಲ್ಲ, ಮಾರಾಟಗಾರ ಒಪ್ಪಿದರೂ ದಾರಿಯಲ್ಲಿ ಸಿಕ್ಕಿಬೀಳುತ್ತದೆ. ಇಲ್ಲಿ ಸಿಗುವ ಲಿಪೋಗಳಿಗೆ ಸಾಮಾನ್ಯವಾಗಿ ಎಕ್ಸ್‌ಟಿ60 ಕನೆಕ್ಟರ್. ವಿಮಾನದ್ದು ಬೇರೆಯಾಗಿದ್ದರೆ ಬೆಸುಗೆ ಹಾಕಿ ಬದಲಿಸಬೇಕು. ಬ್ಯಾಟರಿ ಕಡೆಯ ಎರಡು ವೈರನ್ನೂ ಒಟ್ಟಿಗೆ ಕತ್ತರಿಸಿದರೆ ಕತ್ತರಿಯಲ್ಲೇ ಶಾರ್ಟ್ ಆಗಿ ಕಿಡಿ ಹಾರುತ್ತದೆ. ಒಂದನ್ನು ಕತ್ತರಿಸಿ, ಬೆಸೆದು, ಮುಚ್ಚಿ, ಆಮೇಲೆ ಇನ್ನೊಂದು.

ಪೆಟ್ಟಿಗೆಯ ಚಾರ್ಜರ್ ಬಲು ನಿಧಾನ, ಪಿನ್ನೂ ನಮ್ಮ ಸಾಕೆಟ್ಟಿಗೆ ಹೊಂದುವುದಿಲ್ಲ. 12 ವೋಲ್ಟಿನಲ್ಲೂ ನಡೆಯುವ ಬ್ಯಾಲೆನ್ಸ್ ಚಾರ್ಜರ್ (ಎಲ್ಲ ಸೆಲ್ಲನ್ನೂ ಸಮನಾಗಿ ತುಂಬುವಂಥದು) ಕೊಂಡರೆ, ಕರೆಂಟ್ ಹೋದ ದಿನ ಜೀಪಿನ ಬ್ಯಾಟರಿಯಿಂದಲೂ ಚಾರ್ಜ್ ಆಗುತ್ತದೆ. ಕೊಡಗಿನಲ್ಲಿ ಇದು ಸಣ್ಣ ಮಾತಲ್ಲ. 2200 ಎಂಎಎಚ್ ಬ್ಯಾಟರಿಗೆ 2.2 ಆಂಪಿಯರ್ ಇಡಿ, ಸೆಲ್ಲಿಗೆ 4.20 ವೋಲ್ಟ್ ದಾಟಬಾರದು.

ಹಾರಿಸುವ ಮುನ್ನ ತೂಕದ ಸಮತೋಲನ. ಕೈಪಿಡಿ ಹೇಳಿದ ಜಾಗದಲ್ಲಿ ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ಮಟ್ಟವಾಗಿ ನಿಲ್ಲಬೇಕು. ಬೇರೆ ಕಂಪನಿಯ ಬ್ಯಾಟರಿ ಹಾಕಿದಾಗ ಹತ್ತಿಪ್ಪತ್ತು ಗ್ರಾಂ ವ್ಯತ್ಯಾಸಕ್ಕೇ ಇದು ಬದಲಾಗುತ್ತದೆ. ಮೂಗು ತುಸು ಭಾರವಿದ್ದರೆ ನಡೆಯುತ್ತದೆ. ಬಾಲ ಭಾರವಾದರೆ ಕೈಬಿಟ್ಟ ಕೂಡಲೇ ಮೂಗೆತ್ತಿ ಬೀಳುತ್ತದೆ, ಆಗ ಗೈರೋ ಕೂಡ ಕಾಪಾಡುವುದಿಲ್ಲ. ಆಮೇಲೆ ಗೈರೋ ಪರೀಕ್ಷೆ: ವಿಮಾನವನ್ನು ಬಲಕ್ಕೆ ವಾಲಿಸಿದರೆ ಬಲ ಏಲೆರಾನ್ (ರೆಕ್ಕೆಯ ಹಿಂದಿನ ಅಂಚಿನ ಅಲ್ಲಾಡುವ ಪಟ್ಟಿ) ಕೆಳಗಿಳಿಯಬೇಕು. ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್) ಸ್ಟಿಕ್ ಬಲಕ್ಕೆ ತಳ್ಳಿದರೆ ಅದೇ ಏಲೆರಾನ್ ಮೇಲೇಳಬೇಕು. ಎರಡರಲ್ಲಿ ಒಂದು ತಲೆಕೆಳಗಾಗಿದ್ದರೂ ಹಾರಿಸಬೇಡಿ.

ಜಾಗದ ವಿಷಯವೇ ಇಲ್ಲಿ ದೊಡ್ಡದು. ತೋಟದ ಅಂಗಳದಲ್ಲಿ ಹಾರಿಸುವ ಆಸೆ ಬಿಡಿ. ಸುತ್ತ ಸಿಲ್ವರ್ ಓಕ್, ನಡುವೆ ವಿದ್ಯುತ್ ತಂತಿ. ಕುಶಾಲನಗರದ ಕಡೆಯ ಬಯಲು, ಒಪ್ಪಿಗೆ ಸಿಕ್ಕರೆ ಖಾಲಿ ಹಾಕಿ ಮೈದಾನ, ಇಲ್ಲವೇ ಕೊಯ್ಲಾದ ಗದ್ದೆ. ಗದ್ದೆಯಲ್ಲಾದರೆ ಚಕ್ರಗಳನ್ನು ಬಿಚ್ಚಿಬಿಡಿ. ಕೂಳೆಗೆ ಮುಂದಿನ ಚಕ್ರ ಸಿಕ್ಕಿ ವಿಮಾನ ಮಗುಚುತ್ತದೆ, ಏರಿಗೆ ತಾಗಿದರೆ ಕಡ್ಡಿಯೇ ಕಿತ್ತು ಬರುತ್ತದೆ. ಹೊಟ್ಟೆಗೆ ಅಗಲದ ಪ್ಯಾಕಿಂಗ್ ಟೇಪ್ ಅಂಟಿಸಿ, ಹೊಟ್ಟೆಯ ಮೇಲೆಯೇ ಇಳಿಸಿ. ಪ್ರೊಪೆಲ್ಲರ್ ಹಿಂಬದಿ ಇರುವ ಲಾಭ ಇಲ್ಲಿ ಕಾಣುತ್ತದೆ: ನೆಲಕ್ಕೆ ಮೂಗು ತಾಗಿದರೂ ಅದು ಉಳಿಯುತ್ತದೆ. ಕೈಯಿಂದ ಎಸೆಯುವಾಗ ಮಾತ್ರ ಅದೇ ಅಪಾಯ, ಬೆರಳು ಅದರ ದಾರಿಯಲ್ಲಿರಬಾರದು. ಮುಕ್ಕಾಲು ಥ್ರಾಟಲ್ (ಮೋಟಾರಿನ ವೇಗದ ಹಿಡಿತ), ಗಾಳಿಗೆ ಎದುರಾಗಿ, ಮಟ್ಟವಾಗಿ ತಳ್ಳಿ, ಮೇಲಕ್ಕೆ ಎಸೆಯಬೇಡಿ.

ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಸಮುದ್ರಮಟ್ಟಕ್ಕಿಂತ ಶೇ 10ರಷ್ಟು ತೆಳು, ಆದ್ದರಿಂದ ಸ್ಟಾಲ್ ಆಗುವ (ನಿಧಾನವಾಗಿ ರೆಕ್ಕೆ ಹೊತ್ತುಕೊಳ್ಳಲಾರದೆ ಬೀಳುವ) ವೇಗ ಶೇ 5-6 ಹೆಚ್ಚು. ಕರಾವಳಿಯಲ್ಲಿ ಕಲಿತವರು ಇಲ್ಲಿ ಇಳಿಸುವಾಗ ಥ್ರಾಟಲನ್ನು ಬೇಗ ಬಿಟ್ಟು ವಿಮಾನ ಧೊಪ್ಪನೆ ಕೂರಿಸುವುದು ಅದಕ್ಕೇ. ಮಂಜು ಕರಗಿದ ಮೇಲೆ, ಮಧ್ಯಾಹ್ನದ ಗಾಳಿ ಏಳುವ ಮೊದಲು ಹಾರಿಸಿ. ಟೈಮರ್ ಏಳು ನಿಮಿಷಕ್ಕಿರಲಿ.

ನಿಮ್ಮತ್ತ ಬರುವಾಗ ಎಡಬಲ ಗೊಂದಲವಾಗುತ್ತದೆ. ಯಾವ ರೆಕ್ಕೆ ಕೆಳಗಿದೆಯೋ ಆ ಕಡೆಗೆ ಸ್ಟಿಕ್ ತಳ್ಳಿದರೆ ಮಟ್ಟವಾಗುತ್ತದೆ, ಅಷ್ಟೇ.

ಮರಕ್ಕೆ ಸಿಕ್ಕರೆ ಕಲ್ಲು ಹೊಡೆಯಬೇಡಿ, ಬಿದ್ದ ಪೆಟ್ಟಿಗಿಂತ ಕಲ್ಲಿನ ಪೆಟ್ಟೇ ಹೆಚ್ಚು ಹಾಳು ಮಾಡುತ್ತದೆ. ಮೆಣಸು ಕೊಯ್ಯುವ ಏಣಿ, ಅದನ್ನು ಹತ್ತಿ ಪಳಗಿದವರು ಸಾಕು. ತಂತಿಯ ಹತ್ತಿರವಾದರೆ ಅಲ್ಯೂಮಿನಿಯಂ ಏಣಿ ಮುಟ್ಟಲೇಬೇಡಿ, ಸೆಸ್ಕ್ (ಇಲ್ಲಿನ ವಿದ್ಯುತ್ ಕಂಪನಿ) ಲೈನ್‌ಮನ್‌ಗೆ ಹೇಳಿ. ಕಾಫಿ ಗಿಡಗಳೊಳಗೆ ಬಿದ್ದರೆ ಥ್ರಾಟಲ್ ಪೂರ್ತಿ ಇಳಿಸಿ ಸ್ಟಿಕ್ ಅಲ್ಲಾಡಿಸಿ, ಸರ್ವೋ ಸದ್ದು ಹಿಡಿದು ಹುಡುಕಬಹುದು. ಸಂಜೆಯಾಗಿದ್ದರೆ ಬೆಳಿಗ್ಗೆಯವರೆಗೆ ಕಾಯಿರಿ. ದಕ್ಷಿಣ ಕೊಡಗಿನ ತೋಟಗಳಲ್ಲಿ ಆ ಹೊತ್ತಿಗೆ ಆನೆ ಇರಬಹುದು, ವಿಮಾನ ಎಲ್ಲಿಗೂ ಹೋಗುವುದಿಲ್ಲ.

ಮುರಿದ ಇಪಿಒ ಫೋಮನ್ನು ಮಾಮೂಲಿ ಫೆವಿಕ್ವಿಕ್ ಹಿಡಿಯುತ್ತದೆ. ಥರ್ಮೋಕೋಲ್ ಮೈಯ ಅಗ್ಗದ ವಿಮಾನಕ್ಕೆ ಅದನ್ನೇ ಹಾಕಿದರೆ ಕರಗಿಹೋಗುತ್ತದೆ. ಜಜ್ಜಿದ ಮೂಗಿನ ಮೇಲೆ ಬಿಸಿನೀರು ಸುರಿದರೆ ಬಹುಮಟ್ಟಿಗೆ ಉಬ್ಬಿ ಬರುತ್ತದೆ. ಮೊದಲು ಒಳಗಿನ ಎಲೆಕ್ಟ್ರಾನಿಕ್ಸ್ ತೆಗೆಯಿರಿ.

ಈ ವಿಮಾನ ಸೋಲುವುದು ಮಳೆಗಾಲದಲ್ಲಿ, ಅದೂ ಹಾರದೆ ಕೂತಾಗ. ಜೂನ್‌ನಲ್ಲಿ ಅಟ್ಟಕ್ಕೆ ಹಾಕಿದರೆ ಸೆಪ್ಟೆಂಬರಿಗೆ ಮೋಟಾರ್ ಬೇರಿಂಗ್ ಕರಕರ ಎನ್ನುತ್ತದೆ, ಕನೆಕ್ಟರ್ ಪಿನ್ ಹಸಿರುಗಟ್ಟುತ್ತದೆ, ಸ್ಟಿಕರ್ ಅಡಿ ಬೂಷ್ಟು. ಮುಚ್ಚಳ ಬಿಗಿಯಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಬೇರಿಂಗಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಟ್ರಾನ್ಸ್‌ಮಿಟರಿನ ಸೆಲ್‌ಗಳನ್ನು ತೆಗೆದಿಡಿ. ಲಿಪೋವನ್ನು ಸೆಲ್ಲಿಗೆ 3.8 ವೋಲ್ಟಿನಲ್ಲಿ ಬೇರೆಯಾಗಿಡಿ, ತಿಂಗಳಿಗೊಮ್ಮೆ ಅಳೆಯಿರಿ. ಊದಿದ್ದನ್ನು ಮತ್ತೆ ಚಾರ್ಜ್ ಮಾಡಬೇಡಿ. ಮಳೆ ನಿಂತ ಮೇಲೆ ಮೊದಲ ಹಾರಾಟಕ್ಕೆ ಮುಂಚೆ ನಾಲ್ಕೂ ಸರ್ವೋಗಳನ್ನು ಕೊನೆಯಿಂದ ಕೊನೆಗೆ ಓಡಿಸಿ. ನಡುವೆ ತಡವರಿಸಿದ ಸರ್ವೋವನ್ನು ಅವತ್ತೇ ಬದಲಿಸಿ.