ಪೆಡಲ್ ಸ್ಟೀಲ್ ಗಿಟಾರಿಗೆ ರೋಲ್ಯಾಂಡ್ ಜೆಸಿ-120: ಕಲಬುರಗಿಯಲ್ಲಿ ಎರಡು ವರ್ಷದ ಬಳಕೆ

ಕಲಬುರಗಿಯಲ್ಲಿ ಹವಾಯನ್ ಗಿಟಾರ್ ನುಡಿಸುವವರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ, ಅದೇ ಜಾತಿಯ, ಆದರೆ ಪೆಡಲ್ ತುಳಿದು ತಂತಿಗಳ ಶ್ರುತಿ ಬದಲಿಸುವ ಪೆಡಲ್ ಸ್ಟೀಲ್ ಇಟ್ಟುಕೊಂಡವರನ್ನು ಮಾತ್ರ ನಾನು ಈವರೆಗೆ ಕಂಡಿಲ್ಲ. ಹೀಗಾಗಿ ಅದಕ್ಕೆ ತಕ್ಕ ಆಂಪ್ಲಿಫೈಯರ್ ಯಾವುದೆಂದು ಕೇಳಿ ತಿಳಿಯಲು ಊರಿನಲ್ಲಿ ಯಾರೂ ಇರಲಿಲ್ಲ. ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದ ರೋಲ್ಯಾಂಡ್ ಜೆಸಿ-120 ಅನ್ನು ಎರಡು ವರ್ಷ ಮನೆಯಲ್ಲಿ, ಚರ್ಚಿನಲ್ಲಿ, ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಬಳಸಿದ ಮೇಲೆ, ಈ ವಾದ್ಯಕ್ಕೆ ಕೈಹಾಕುವ ಇನ್ನೊಬ್ಬರಿಗಾದರೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಈ ವಾದ್ಯಕ್ಕೆ ಆಂಪ್ ಆರಿಸುವಾಗ ಮೊದಲು ನೋಡಬೇಕಾದದ್ದು ಅದರಲ್ಲಿ ಎಷ್ಟು ಶಕ್ತಿ ಉಳಿದಿರುತ್ತದೆ ಎಂಬುದನ್ನು. ಪೆಡಲ್ ಸ್ಟೀಲ್ ನುಡಿಸುವವರ ಬಲಗಾಲು ಸದಾ ವಾಲ್ಯೂಮ್ ಪೆಡಲಿನ ಮೇಲಿರುತ್ತದೆ. ತಂತಿ ಮೀಟುವಾಗ ಪೆಡಲನ್ನು ಅರ್ಧದಷ್ಟೇ ಒತ್ತಿ, ಸ್ವರ ಕುಗ್ಗುತ್ತಾ ಹೋದಂತೆ ಇನ್ನಷ್ಟು ಒತ್ತುತ್ತಾ ಹೋಗುವುದರಿಂದಲೇ ಅದು ಹಾಡುವವರ ಉಸಿರಿನಂತೆ ಉದ್ದಕ್ಕೆ ನಿಲ್ಲುತ್ತದೆ. ಆದರೆ ಪೆಡಲ್ ಪೂರ್ತಿ ಕೆಳಗಿರುವಾಗಲೇ ಹೊಸ ಸ್ವರ ಮೀಟಿದರೆ ಒಮ್ಮೆಲೇ ದೊಡ್ಡ ಸಿಗ್ನಲ್ ನುಗ್ಗುತ್ತದೆ, ಸಣ್ಣ ಆಂಪ್ ಆ ಹೊಡೆತಕ್ಕೇ ಒಡೆದ ದನಿ ಕೊಡುತ್ತದೆ. ಲೀಡ್ ಗಿಟಾರಿಗೆ ಆ ಒಡಕು ಶೋಭೆಯಾಗಬಹುದು, ಇಲ್ಲಿ ಮೂರು ತಂತಿ ಒಟ್ಟಿಗೆ ಮೀಟಿದ ಸ್ವರಮೇಳವೇ ಕಲಸಿಹೋಗುತ್ತದೆ. ನಾನು ಮೊದಲು ಬಳಸುತ್ತಿದ್ದ 20 ವ್ಯಾಟಿನ ಆಂಪಿನಲ್ಲಿ ಹೀಗೇ ಆಗುತ್ತಿತ್ತು. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು ಹತ್ತರಷ್ಟು ವ್ಯಾಟ್ ಬೇಕಾಗುವುದರಿಂದ, ಇಪ್ಪತ್ತನ್ನು ನಲವತ್ತು ಮಾಡಿಕೊಂಡರೂ ಹೆಚ್ಚೇನೂ ದಕ್ಕುವುದಿಲ್ಲ.

ಅಮೆರಿಕದಲ್ಲಿ ಈ ವಾದ್ಯಕ್ಕೆಂದೇ ಮಾಡಿದ ಆಂಪ್‌ಗಳಿವೆ. 210 ವ್ಯಾಟ್ ಶಕ್ತಿಯ, 15 ಇಂಚಿನ ಸ್ಪೀಕರಿನ ಪೀವಿ ನ್ಯಾಶ್‌ವಿಲ್ 400 ಅವುಗಳಲ್ಲಿ ಹೆಸರಾದದ್ದು, ನನಗೂ ಅದರ ಮೇಲೆ ಬಹಳ ಆಸೆಯಿತ್ತು. ಅಲ್ಲಿನ ಪೆಟ್ಟಿಗೆ 120 ವೋಲ್ಟಿಗೆ ಮಾಡಿದ್ದು, ನಮ್ಮದು 230 ವೋಲ್ಟ್. ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು, ಅದನ್ನು ವೇದಿಕೆಯಿಂದ ವೇದಿಕೆಗೆ ಹೊರಲೂಬೇಕು. ಗಡಿಬಿಡಿಯಲ್ಲಿ ಯಾರಾದರೂ ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ನಮ್ಮಲ್ಲೇ 230 ವೋಲ್ಟಿಗೆ ಸಿಗುವ, ಬಾಡಿಗೆ ಸೌಂಡ್‌ನವರಿಗೂ ಪರಿಚಯವಿರುವ ಜೆಸಿ-120 ಕಡೆಗೆ ನಾನು ತಿರುಗಿದ್ದು ಈ ಕಾರಣಕ್ಕೆ.

1975ರಲ್ಲಿ ಬಂದ ಈ ಮಾದರಿಯಲ್ಲಿ 60 ವ್ಯಾಟಿನ ಎರಡು ಆಂಪ್, 12 ಇಂಚಿನ ಎರಡು ಸ್ಪೀಕರ್ ಇವೆ. ವಾಲ್ವ್ ಇಲ್ಲ, ಪೂರ್ತಿ ಟ್ರಾನ್ಸಿಸ್ಟರ್. 12 ಇಂಚು ಸಾಕೇ ಎಂಬ ಅನುಮಾನ ನನಗೂ ಇತ್ತು. ಈ ವಾದ್ಯಕ್ಕೆ ರೂಢಿಯಲ್ಲಿರುವ ಎರಡು ಶ್ರುತಿಗಳಲ್ಲಿ ಒಂದಾದ ಇ-ನೈನ್ತ್‌ನಲ್ಲಿ ಅತಿ ಕೆಳಗಿನ ತಂತಿ ಸುಮಾರು 123 ಹರ್ಟ್ಜ್‌ಗೆ ಮಿಡಿಯುತ್ತದೆ, ಅದಕ್ಕೆ ಈ ಸ್ಪೀಕರ್ ಧಾರಾಳವಾಗಿ ಸಾಕು. ಇನ್ನೊಂದಾದ ಸಿ-ಸಿಕ್ಸ್ತ್ ಶ್ರುತಿಯಲ್ಲಿ ಕೆಳಗಿನ ತಂತಿ 65 ಹರ್ಟ್ಜ್‌ವರೆಗೆ ಇಳಿಯುವುದರಿಂದ ಅದನ್ನೇ ಹೆಚ್ಚು ನುಡಿಸುವವರು 15 ಇಂಚಿನದನ್ನು ಹುಡುಕುವುದು ಮೇಲು.

ಈ ಆಂಪಿಗೆ ಹೆಸರು ತಂದದ್ದು ಅದರ ಕೋರಸ್, ಹೆಸರಿನಲ್ಲಿರುವ ಜೆಸಿ ಎಂದರೆ ಜಾಝ್ ಕೋರಸ್. ಪೆಡಲ್ ಸ್ಟೀಲಿಗೆ ನಾನು ಮೊದಲು ಆಫ್ ಮಾಡಿದ್ದು ಅದನ್ನೇ. ಒಂದು ಸ್ಪೀಕರಿನಿಂದ ಸ್ವರ ಇದ್ದಂತೆಯೇ ಬಂದು, ಇನ್ನೊಂದರಿಂದ ಸ್ವಲ್ಪ ತೂಗಾಡುತ್ತಾ ಬಂದು ಎರಡೂ ಗಾಳಿಯಲ್ಲಿ ಬೆರೆಯುವುದು ಸೊಗಸಾದ ಏರ್ಪಾಡೇ ಸರಿ. ಆದರೆ ತಂತಿಯ ಮೇಲಿನ ಉಕ್ಕಿನ ಬಾರನ್ನು ಎಡಗೈ ಅಲುಗಿಸಿ ತರುವ ಕಂಪನವೇ ಈ ವಾದ್ಯದ ಜೀವ, ಯಂತ್ರದ ಕಂಪನ ಅದರ ಮೇಲೆ ಬಿದ್ದರೆ ಶ್ರುತಿ ಎಲ್ಲಿದೆ ಎಂಬುದೇ ಕಿವಿಗೆ ತಿಳಿಯದಾಗುತ್ತದೆ. ಡಿಸ್ಟಾರ್ಷನ್ ಕೂಡ ಸೊನ್ನೆಯಲ್ಲೇ ಇರಲಿ.

ಹೊಂದಿಸುವ ಕೆಲಸ ಮುಗಿಯಲು ನನಗೆ ತಿಂಗಳುಗಳೇ ಹಿಡಿದವು. ನಾನು ಅಭ್ಯಾಸ ಮಾಡುವ ಕೋಣೆಗೆ ಶಹಾಬಾದ್ ಕಲ್ಲಿನ ನೆಲ, ಬರಿಯ ಸುಣ್ಣದ ಗೋಡೆ. ಮೊದಲ ದಿನ ಎಲ್ಲ ಗುಂಡಿಗಳನ್ನೂ 5ರಲ್ಲಿಟ್ಟು, ಬ್ರೈಟ್ ಸ್ವಿಚ್ ಒತ್ತಿ ಮೇಲಿನ ತಂತಿ ಮೀಟಿದೆ. ಅಡುಗೆಮನೆಯಿಂದ ಅವ್ವ, “ತಮ್ಮಾ, ಕಿವ್ಯಾಗ ಸೂಜಿ ಚುಚ್ಚಿದಂಗ ಆಗ್ಲತ್ತದ” ಎಂದು ಕೂಗಿದರು. ಅವರ ಮಾತು ಅಕ್ಷರಶಃ ನಿಜವಾಗಿತ್ತು. ಬ್ರೈಟ್ ಸ್ವಿಚ್ ತೆಗೆದು, ಟ್ರೆಬಲ್ಲನ್ನು 3ಕ್ಕೆ ಇಳಿಸಿ, ನೆಲಕ್ಕೆ ದಪ್ಪ ಜಮಖಾನ ಹಾಸಿ, ಆಂಪನ್ನು ಕುರ್ಚಿಯ ಮೇಲೆತ್ತಿ ಸ್ವಲ್ಪ ಹಿಂದಕ್ಕೆ ಒರಗಿಸಿದ ಮೇಲೆ ದನಿ ಮೆತ್ತಗಾಯಿತು. ತೀಕ್ಷ್ಣ ಸ್ವರಗಳು ಸ್ಪೀಕರಿನಿಂದ ನೇರ ಗೆರೆಯಲ್ಲಿ ಹೋಗುತ್ತವೆ. ಆಂಪ್ ನೆಲದ ಮೇಲಿದ್ದರೆ ಅವು ನುಡಿಸುವವರ ಮೊಣಕಾಲಿಗೆ ತಾಗುತ್ತವೆ, ಅವರು ಕೇಳಿಸದೆಂದು ಟ್ರೆಬಲ್ ಏರಿಸುತ್ತಾರೆ, ಎದುರಿಗೆ ಕುಳಿತವರು ಕಷ್ಟಪಡುತ್ತಾರೆ.

ಮಿಡಲ್ ಗುಂಡಿಯದು ಬೇರೆಯೇ ಕಥೆ. ತಂತಿಯ ಮಿಡಿತವನ್ನು ಸಿಗ್ನಲ್ ಆಗಿಸುವ ಪೆಡಲ್ ಸ್ಟೀಲಿನ ಪಿಕಪ್ಪಿಗೆ ಸಣ್ಣ ತಾಮ್ರದ ತಂತಿ ಬಹಳ ಸುತ್ತಿರುವುದರಿಂದ ನಡುಭಾಗದ ದನಿ ಮೂಗಿನಿಂದ ಬಂದಂತೆ ದಟ್ಟವಾಗಿರುತ್ತದೆ. ಒಬ್ಬನೇ ಕುಳಿತು ನುಡಿಸುವಾಗ 3ಕ್ಕೆ ಇಳಿಸಿದರೆ ಹಿತವೆನಿಸುತ್ತದೆ. ಅದೇ ಹೊಂದಿಕೆಯನ್ನು ವೇದಿಕೆಗೆ ಒಯ್ದಾಗ ಕೀಬೋರ್ಡ್, ಢೋಲಕ್‌ಗಳ ನಡುವೆ ನನ್ನ ಗಿಟಾರ್ ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲ. ಈಗ ವೇದಿಕೆಯಲ್ಲಿ ಮಿಡಲ್ 6, ಬಾಸ್ 4, ರಿವರ್ಬ್ 2 ಇಡುತ್ತೇನೆ. ಪಿಕಪ್ ತೀರಾ ಜೋರಾಗಿದ್ದರೆ ಲೋ ಇನ್‌ಪುಟ್ ಬಳಸಬಹುದು.

ಕೊನೆಗೆ ಅರ್ಥಿಂಗ್ ಬಗ್ಗೆ ಹೇಳಲೇಬೇಕು. ಒಂದು ಮದುವೆ ಮಂಟಪದಲ್ಲಿ, ಉಕ್ಕಿನ ಬಾರ್ ಕೈಯಲ್ಲಿರುವಾಗಲೇ ಮೈಕಿಗೆ ತುಟಿ ತಾಗಿ ಝುಮ್ಮೆಂದು ಶಾಕ್ ಹೊಡೆಯಿತು. ಆ ಸಾಕೆಟ್ಟಿನಲ್ಲಿ ಮೂರನೆಯ ತೂತು ಇತ್ತು, ಅದರ ಹಿಂದೆ ತಂತಿಯೇ ಇರಲಿಲ್ಲ. ಅಂದಿನಿಂದ ಪ್ರತಿ ವೇದಿಕೆಯಲ್ಲೂ ಪ್ಲಗ್ ಹಾಕುವ ಮೊದಲು ಎಲೆಕ್ಟ್ರಿಷಿಯನ್ನರಿಂದ ಟೆಸ್ಟ್ ಬಲ್ಬ್ ಹಿಡಿಸುತ್ತೇನೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಹೊತ್ತಿಕೊಂಡ ಬಲ್ಬು ಫೇಸ್ ಮತ್ತು ಅರ್ಥ್ ನಡುವೆ ಹೊತ್ತದಿದ್ದರೆ ಆ ಸಾಕೆಟ್ಟನ್ನು ಮುಟ್ಟುವುದಿಲ್ಲ. ಗುಂಯ್ ಎನ್ನುವ ಸದ್ದು ನಿಲ್ಲಲೆಂದು ಕೆಲವರು ಅರ್ಥ್ ಪಿನ್ನನ್ನೇ ಕತ್ತರಿಸುತ್ತಾರೆ, ದಯವಿಟ್ಟು ಹಾಗೆ ಮಾಡಬೇಡಿ. ಆ ಸದ್ದು ಬಹುಪಾಲು ಹತ್ತಿರದ ಟ್ಯೂಬ್‌ಲೈಟಿನ ಚೋಕಿನಿಂದಲೋ ಟ್ರಾನ್ಸ್‌ಫಾರ್ಮರಿನಿಂದಲೋ ಸಿಂಗಲ್ ಕಾಯಿಲ್ ಪಿಕಪ್ಪಿಗೆ ಬರುತ್ತದೆ, ಕುರ್ಚಿಯನ್ನು ಒಂದಿಷ್ಟು ತಿರುಗಿಸಿ ಕುಳಿತರೆ ಅರ್ಧ ಅಡಗುತ್ತದೆ.

ತೂಕ ಸುಮಾರು 28 ಕೆಜಿ. ಮಹಡಿ ಹತ್ತಿಸಲು ಇಬ್ಬರು ಬೇಕು.