ಪದಕ ಕಡೆಯಲು ಯಾವ ಮರ? ಬೀಟೆ, ಸಿಲ್ವರ್ ಓಕ್, ಹಲಸು ಮತ್ತು ಕಾಫಿ ಬೊಡ್ಡೆ

ಮೊದಲೇ ಹೇಳಿಬಿಡುತ್ತೇನೆ. ಕತ್ತಿನಲ್ಲಿ ಹಾಕಿಕೊಳ್ಳುವ ಚಿಕ್ಕ ಪದಕವನ್ನು ಲೇತ್ (ಮರವನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಮೇಲೆ ಕಡೆಯಲು ನನ್ನ ಮಟ್ಟಿಗೆ ರೋಬಸ್ಟಾ ಕಾಫಿ ಗಿಡದ ಬೊಡ್ಡೆಯನ್ನು ಮೀರಿಸುವ ಮರ ಇಲ್ಲ. ದುಡ್ಡು ಕೊಟ್ಟು ತಂದ ಬೀಟೆ (ರೋಸ್‌ವುಡ್) ತುಂಡುಗಳು ಇನ್ನೂ ಚೀಲದಲ್ಲೇ ಇವೆ. ಒಲೆಗೆ ಹೋಗಬೇಕಿದ್ದ ಬೊಡ್ಡೆ ಮಾತ್ರ ಸಂಜೆಯಾದರೆ ಸಾಕು, ಲೇತ್ ಏರುತ್ತದೆ.

ಶುರುವಾದದ್ದು ಬೀಟೆಯಿಂದಲೇ. ಚಿಕ್ಕಮಗಳೂರಿನಲ್ಲಿ ಚಂದದ ಮರಗೆಲಸ ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಅದೇ ಹೆಸರು. ಹಳೆ ಮಂಚ, ಕುರ್ಚಿ ರಿಪೇರಿ ಮಾಡುವ ಒಂದು ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಒಂದು ಚೀಲ ಚೂರುಪಾರು ಕೊಂಡೆ. "ಎಲ್ಲಾ ಅಪ್ಪಟ ಬೀಟೆ ಸಾರ್, ಕಣ್ಣು ಮುಚ್ಚಿಕೊಂಡು ತಗೊಂಡು ಹೋಗಿ" ಅಂದರು. ಮನೆಗೆ ತಂದು ಕೊಯ್ದರೆ ಕೆಲವು ತುಂಡುಗಳಲ್ಲಿ ಕಪ್ಪು ಇದ್ದದ್ದು ಮೇಲ್ಮೈಯಲ್ಲಿ ಮಾತ್ರ. ಒಳಗೆ ಬಿಳಿಚಿಕೊಂಡ ಯಾವುದೋ ಕಾಡುಮರ. ಇನ್ನು ಕೆಲವದರ ಹೊಟ್ಟೆಯಲ್ಲಿ ತಲೆ ಮುರಿದ ಮೊಳೆ. ತಿರುಗುತ್ತಿರುವ ಮರದಲ್ಲಿ ಉಳಿಯ ಬಾಯಿಗೆ ಮೊಳೆ ಸಿಕ್ಕರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಹಳೆ ಮರ ಕೊಳ್ಳಲು ಹೋಗುವವರು ಜೇಬಿನಲ್ಲಿ ಒಂದು ಅಯಸ್ಕಾಂತ, ಒಂದು ಚಿಕ್ಕ ಅರ ಇಟ್ಟುಕೊಂಡು ಹೋಗಿ. ಅಂಗಡಿಯವರ ಎದುರೇ ಒಂದು ಮೂಲೆ ಉಜ್ಜಿ ನೋಡಿ. ಅದರಲ್ಲಿ ಸಂಕೋಚ ಬೇಡ.

ಚೀಲದಲ್ಲಿದ್ದ ನಿಜವಾದ ಬೀಟೆ ಚೆನ್ನಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಕಡೆದು ಬಿಟ್ಟರೆ ಪಾಲಿಶ್ ಇಲ್ಲದೆಯೇ ಮಿನುಗುತ್ತದೆ. ತೂಕವೂ ಇದೆ, ಕತ್ತಿನಲ್ಲಿ ಹಾಕಿಕೊಂಡರೆ ಏನೋ ಹಾಕಿಕೊಂಡಿದ್ದೇವೆ ಅನಿಸುತ್ತದೆ. ಆದರೆ ಆ ಮರದೊಳಗೆ ಅಲ್ಲಲ್ಲಿ ಸುಣ್ಣದಂಥ ಗಟ್ಟಿ ಪದಾರ್ಥ ಕೂತಿರುತ್ತದೆ, ಉಳಿ ಬೇಗ ಮೊಂಡಾಗುತ್ತದೆ. ಪುಡಿ ಮೂಗಿಗೆ ಹೋದರೆ ಸೀನು, ಚರ್ಮಕ್ಕೆ ಅಂಟಿದರೆ ಕೆಲವರಿಗೆ ತುರಿಕೆ. ಕಾನೂನಿನ ಮಾತೂ ಇದೆ. ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಜಾತಿಯ ಮರಗಳೆಲ್ಲ 2017ರಿಂದ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿವೆ. ಹಾಗಾಗಿ ಹಳೆ ಮಂಚದ ಕಾಲು, ಹಳೆ ಬಾಗಿಲಿನ ಚೂರು ಬಿಟ್ಟು ಬೇರೆ ಬೀಟೆಗೆ ಕೈ ಹಾಕಲೇ ಬಾರದು ಅನ್ನುವುದು ನನ್ನ ನಿಲುವು.

ಇಷ್ಟಾದರೂ ಬೀಟೆಯನ್ನು ಬದಿಗಿಟ್ಟದ್ದಕ್ಕೆ ಕಾರಣ ಬೇರೆ. ಬೀಟೆಯ ಅಂದ ಇರುವುದು ಅದರ ಪಟ್ಟೆಗಳಲ್ಲಿ. ನೇರಳೆ, ಕಂದು, ಕಪ್ಪು ಗೆರೆಗಳು ಉದ್ದಕ್ಕೆ ಓಡುತ್ತವೆ. ಊಟದ ಮೇಜಿನ ಮೇಲೆ ಅದನ್ನು ನೋಡುತ್ತಾ ಕೂರಬಹುದು. ಪದಕ ಎಷ್ಟು ದೊಡ್ಡದು? ಅಡ್ಡಳತೆ 35 ಮಿ.ಮೀ., ಜಾಸ್ತಿ ಅಂದರೆ 40. ಅಷ್ಟು ಜಾಗದಲ್ಲಿ ಆ ಪಟ್ಟೆ ಪೂರ್ತಿ ಹಿಡಿಸುವುದಿಲ್ಲ. ಎರಡು ಮಾರು ದೂರದಿಂದ ನೋಡಿದವರಿಗೆ ಒಂದು ಕಪ್ಪು ಬಿಲ್ಲೆ, ಅಷ್ಟೇ.

ಚಿಕ್ಕ ವಸ್ತುವಿಗೆ ಬೇಕಾದದ್ದು ನುಣುಪಾದ, ಒತ್ತಾದ ಎಳೆ. ಬೇಲೂರಿಗೆ ಹೋದಾಗ ಚೆನ್ನಕೇಶವನ ಗುಡಿಯ ನವರಂಗದಲ್ಲಿ (ಒಳಗಿನ ಕಂಬದ ಮಂಟಪ) ಇರುವ ಕಡೆದ ಕಂಬಗಳನ್ನು ಹತ್ತಿರದಿಂದ ನೋಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ ಅದು. ಬಳೆ ಜೋಡಿಸಿದ ಹಾಗೆ ಒಂದರ ಮೇಲೊಂದು ಸುತ್ತುಗಳು, ಅಂಚು ಇವತ್ತಿಗೂ ಚೂಪು. ಅಲ್ಲಿ ಬಳಸಿದ್ದು ಬಳಪದ ಕಲ್ಲು. ಅದರ ಕಣ ಸಣ್ಣ, ಅದಕ್ಕೇ ಅಷ್ಟು ಸೂಕ್ಷ್ಮ ಗೆರೆ ನಿಂತಿದೆ. ದಪ್ಪ ಕಣದ ಕಲ್ಲಿನಲ್ಲಿ ಅಂಥ ಅಂಚು ಉದುರಿ ಹೋಗುತ್ತಿತ್ತು. ಮರಕ್ಕೂ ಇದೇ ಮಾತು. ಆ ಕಂಬದ ಸುತ್ತುಗಳನ್ನೇ ಪದಕಕ್ಕೆ ಇಳಿಸಬೇಕು ಅನ್ನುವುದು ನನ್ನ ಆಸೆ. ಈ ಹೋಲಿಕೆಯನ್ನೆಲ್ಲ ಅದೇ ಅಳತೆಗೋಲಿನಲ್ಲಿ ಮಾಡಿದ್ದೇನೆ. ಒಂದು ಮಿ.ಮೀ. ಅಗಲದ ಸುತ್ತು ಕಡೆದರೆ ಅದರ ಅಂಚು ನಿಲ್ಲುತ್ತದಾ, ಚಕ್ಕೆ ಏಳುತ್ತದಾ?

ಸಿಲ್ವರ್ ಓಕ್‌ನಲ್ಲಿ ನಿಲ್ಲುವುದಿಲ್ಲ. ನಮ್ಮಲ್ಲಿ ಅದಕ್ಕೇನು ಬರ, ತೋಟದ ನೆರಳಿಗೂ ಅದೇ, ಮೆಣಸಿನ ಬಳ್ಳಿ ಹಬ್ಬಿಸಲೂ ಅದೇ. ಆಸ್ಟ್ರೇಲಿಯಾದಿಂದ ಬಂದ ಮರವಾದರೂ ಈಗ ನಮ್ಮೂರಿನದೇ ಆಗಿಹೋಗಿದೆ. ಸಾ ಮಿಲ್ ಹಿಂದೆ ರಾಶಿ ಬಿದ್ದಿರುತ್ತದೆ, ಒಂದು ಚೀಲಕ್ಕೆ ಟೀ ಖರ್ಚು ಕೊಟ್ಟರೆ ಆಯಿತು. ಸರಿಯಾದ ಕಡೆಯಿಂದ ಕೊಯ್ದರೆ ಮೈಮೇಲೆ ಜರಿ ಹಾಸಿದ ಹಾಗೆ ಹೊಳೆಯುವ ಚುಕ್ಕೆಗಳು ಕಾಣುತ್ತವೆ, ನಿಜಕ್ಕೂ ಚಂದ. ಆದರೆ ಮರ ಮೆದು. ಅಡ್ಡ ಎಳೆ ಬಂದ ಕಡೆ ಉಳಿ ಕೊಯ್ಯುವುದಿಲ್ಲ, ಕೀಳುತ್ತದೆ. ಎಷ್ಟು ಉಜ್ಜಿದರೂ ನೂಲು ನೂಲು ಎದ್ದು ನಿಲ್ಲುತ್ತದೆ. ಇದರ ಪುಡಿಯೂ ಕೆಲವರ ಮೈಗೆ ಆಗದು, ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳಿ. ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮರ ಬೇಡ, ಹಾಳಾದರೂ ಹೊಟ್ಟೆ ಉರಿಯುವುದಿಲ್ಲ.

ಹಲಸು ನನಗೆ ಎರಡನೇ ಇಷ್ಟ. ಕಡೆಯುವಾಗ ಅರಿಶಿನದ ಬಣ್ಣ, ಬಿಸಿಲು ಗಾಳಿ ತಾಗುತ್ತಾ ಹೋದರೆ ಜೇನಿನ ಕಂದು. ವೀಣೆಯ ಕೊಡಕ್ಕೆ, ಮೃದಂಗಕ್ಕೆ ಇದನ್ನೇ ಬಳಸುತ್ತಾರೆ. ಎಳೆ ಸ್ವಲ್ಪ ಬಿರುಸು, ಒಂದೂವರೆ ಮಿ.ಮೀ. ಸುತ್ತಿನ ತನಕ ಪರವಾಗಿಲ್ಲ.

ಸಾಗುವಾನಿಯಲ್ಲಿ ಮರಳಿನಂಥ ಸಿಲಿಕಾ ಇರುತ್ತದೆ, ಉಳಿ ಮಸೆಯುವುದರಲ್ಲೇ ಸಂಜೆ ಕಳೆದುಹೋಗುತ್ತದೆ. ಬೇಡ.

ಈಗ ಕಾಫಿಗೆ ಬರೋಣ. ಇದರಲ್ಲಿ ಎರಡು ಉಂಟು, ಎರಡಕ್ಕೂ ಅಜಗಜಾಂತರ. ಬಾಬಾಬುಡನ್‌ಗಿರಿ ಕಡೆ ಅರೇಬಿಕಾ ಜಾಸ್ತಿ, ಮೂಡಿಗೆರೆ ಕಡೆ ಇಳಿದರೆ ರೋಬಸ್ಟಾ ಜಾಸ್ತಿ. ಕಿತ್ತು ಹಾಕಿದ ಅರೇಬಿಕಾ ಗಿಡ ಸುಲಭವಾಗಿ ಸಿಗುತ್ತದೆ. ಯಾಕೆ ಸಿಗುತ್ತದೆ ಅಂದರೆ ಬಿಳಿ ಕಾಂಡಕೊರಕ ಅನ್ನುವ ಹುಳುವಿನ ಕಾಟಕ್ಕೆ. ಹುಳು ಒಳಗೆ ಸುರಂಗ ಕೊರೆದು ತನ್ನ ಹಿಕ್ಕೆಯ ಪುಡಿಯನ್ನೇ ಅದರಲ್ಲಿ ಗಟ್ಟಿಯಾಗಿ ತುಂಬಿರುತ್ತದೆ. ಕಡೆಯುತ್ತಾ ಹೋದರೆ ಪದಕದ ಮಧ್ಯದಲ್ಲೇ ಒಂದು ವಂಕು ಗೆರೆ ತೆರೆದುಕೊಂಡು ಪುಡಿ ಉದುರುತ್ತದೆ. ಇದಕ್ಕಿಂತ ಮುಖ್ಯ ಮಾತು: ಹುಳು ಬಿದ್ದ ಗಿಡವನ್ನು ತೋಟದವರು ಕಿತ್ತು ಸುಡಬೇಕು, ಇಲ್ಲದಿದ್ದರೆ ಏಪ್ರಿಲ್-ಮೇ ಹೊತ್ತಿಗೆ, ಮತ್ತೆ ಅಕ್ಟೋಬರ್ ಆದಮೇಲೆ, ದುಂಬಿ ಹೊರಗೆ ಬಂದು ಪಕ್ಕದ ಗಿಡ ಹಿಡಿಯುತ್ತದೆ. ಅಂಥ ಕಟ್ಟಿಗೆಯನ್ನು ಪದಕದ ಆಸೆಗೆ ಮನೆಯಲ್ಲಿ ಪೇರಿಸಿಡುವುದು ಅಕ್ಕಪಕ್ಕದ ತೋಟಕ್ಕೆ ಮಾಡುವ ದ್ರೋಹ. ಅರೇಬಿಕಾ ಬೇಡವೇ ಬೇಡ.

ರೋಬಸ್ಟಾಕ್ಕೆ ಆ ಕಾಟ ಇಲ್ಲ. ವಯಸ್ಸಾದ ಗಿಡದ ಬುಡ ತೊಡೆಯಷ್ಟು ದಪ್ಪ ಬರುವುದೂ ಉಂಟು. ಹಳೆ ಗಿಡ ಕಿತ್ತು ಹೊಸದು ನೆಡುವ ಒಂದು ತೋಟದಲ್ಲಿ ಕೇಳಿದೆ. ಅಲ್ಲಿನ ರೈಟರ್ (ತೋಟದ ಲೆಕ್ಕ ಬರೆಯುವವರು) ನನ್ನ ಮುಖವನ್ನೇ ನೋಡಿ, "ತಗೊಂಡು ಹೋಗಿ ಸಾರ್, ಹೆಂಗೂ ಒಲೆಗೆ ಹಾಕೋದು ತಾನೇ" ಅಂದರು. ಖರ್ಚಾದದ್ದು ಆಟೋ ಬಾಡಿಗೆ ಮಾತ್ರ. ಮರದ ಬಣ್ಣ ಕೆನೆ, ಬುಡದ ಹತ್ತಿರ ತೆಳು ಕಂದು ಗೆರೆ. ಬರಿಗಣ್ಣಿಗೆ ರಂಧ್ರ ಕಾಣದಷ್ಟು ಒತ್ತು. ಒಂದು ಮಿ.ಮೀ. ಸುತ್ತು ಕಡೆದೆ, ಅಂಚು ನಿಂತಿತು. ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು. ಉಗುರಿನಿಂದ ಕೆರೆದರೆ ಟರ್ ಅಂತ ಸದ್ದು ಬರುತ್ತದೆ, ಒಂದೂ ಮುರಿಯುವುದಿಲ್ಲ. ಅವತ್ತು ಆದ ಖುಷಿ ಇಷ್ಟು ಅಂತ ಹೇಳಲು ಬಾರದು. ಅಕ್ಕನ ಮಗಳು ಮಾತ್ರ ಮೂಗಿಗೆ ಹಿಡಿದು, "ಮಾಮ, ಕಾಫಿ ವಾಸನೆನೇ ಬರ್ತಾ ಇಲ್ವಲ್ಲ" ಅಂದಳು. ಬರುವುದಿಲ್ಲ. ಆ ವಾಸನೆ ಬೀಜ ಹುರಿದಾಗ ಹುಟ್ಟುವಂಥದ್ದು, ಮರದಲ್ಲಿ ಎಲ್ಲಿಂದ ಬರಬೇಕು?

ಇಷ್ಟು ಹೊಗಳಿದ ಮೇಲೆ ಇದರ ತಲೆನೋವನ್ನೂ ಹೇಳಲೇಬೇಕು. ಬಿರುಕು.

ಕಾಫಿ ಕಾಂಡವನ್ನು ಸೌತೆಕಾಯಿ ಹೆಚ್ಚಿದ ಹಾಗೆ ಅಡ್ಡಕ್ಕೆ ಬಿಲ್ಲೆ ಕೊಯ್ದರೆ ಪದಕಕ್ಕೆ ಹೇಳಿ ಮಾಡಿಸಿದ ಆಕಾರ. ಸುತ್ತ ತೊಗಟೆ, ನಡುವೆ ತಿರುಳು, ನೋಡಲು ಚಂದವೋ ಚಂದ. ಆದರೆ ಅದು ಸೀಳದೆ ಇರುವುದಿಲ್ಲ. ಮರ ಒಣಗುವಾಗ ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುತ್ತದೋ, ಸುತ್ತಳತೆಯ ಕಡೆಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಕುಗ್ಗುತ್ತದೆ. ಸುತ್ತಳತೆ ಸಾಲದೆ ಬಂದಾಗ ಎಲ್ಲಾದರೂ ಬಿಡಲೇಬೇಕಲ್ವಾ? ತಿರುಳಿನಿಂದ ಅಂಚಿಗೆ ನೇರ ಸೀಳು. ಎಷ್ಟು ನಿಧಾನ ಒಣಗಿಸಿದರೂ ಬಹುತೇಕ ಬಿಲ್ಲೆಗಳ ಹಣೆಬರಹ ಇದೇ.

ರೇಗುವುದು ಸೀಳು ಬಿಡುವ ಹೊತ್ತಿಗೆ. ಹಸಿ ಇರುವಾಗಲೇ ಸೀಳಿದರೆ ಎತ್ತಿ ಒಲೆಗೆ ಹಾಕಬಹುದು. ಇದು ಹಾಗಲ್ಲ. ಸುತ್ತು ಕಡೆದು, ಒರಟಾದ 120ರ ಸ್ಯಾಂಡ್ ಪೇಪರಿನಿಂದ ನುಣುಪಾದ 400ರ ತನಕ ಉಜ್ಜಿ, ದಾರಕ್ಕೆ ತೂತು ಕೊರೆದು, ಎಣ್ಣೆ ಹಚ್ಚಿ ಮಲಗಿದರೆ, ಬೆಳಗ್ಗೆ ತೂತಿನಿಂದ ಅಂಚಿನವರೆಗೆ ಕೂದಲೆಳೆಯಂಥ ಗೆರೆ. ಉಜ್ಜುವಾಗಿನ ಬಿಸಿ ಉಳಿದಿದ್ದ ತೇವವನ್ನು ಎಳೆದಿರುತ್ತದೆ, ತೂತು ಕೊರೆದ ಜಾಗ ಮೊದಲೇ ಬಲಹೀನ. ಬೀಟೆ, ಹಲಸಿನ ಹಳೆ ತುಂಡುಗಳಲ್ಲಿ ಈ ರಗಳೆ ಇಲ್ಲ, ಅವು ಯಾವತ್ತೋ ಒಣಗಿ ಕೂತಿವೆ.

ದಾರಿ ಇದೆ. ಅಡ್ಡಕ್ಕೆ ಕೊಯ್ದ ಬಿಲ್ಲೆಯ ಆಸೆ ಬಿಡಬೇಕು. ಬೊಡ್ಡೆಯನ್ನು ಉದ್ದಕ್ಕೆ, ಸರಿಯಾಗಿ ತಿರುಳಿನ ಮೇಲೆಯೇ ಸೀಳಬೇಕು. ತಿರುಳಿನ ಅಕ್ಕಪಕ್ಕದ್ದನ್ನು ಬಿಸಾಡಿ, ಉಳಿದ ಹೋಳಿನಿಂದ ಹಲಗೆ ತೆಗೆಯಬೇಕು. ಅರೇಬಿಕಾ ಕಾಂಡ ಸಣ್ಣ, ಅದರಲ್ಲಿ ಹೀಗೆ ಮಾಡಿದರೆ ಪದಕದಷ್ಟು ಅಗಲ ಉಳಿಯುವುದೇ ಇಲ್ಲ. ರೋಬಸ್ಟಾದಲ್ಲಿ ಉಳಿಯುತ್ತದೆ. ಹಲಗೆಯ ಎರಡೂ ತುದಿಗೆ ಫೆವಿಕಾಲ್ ದಪ್ಪಗೆ ಬಳಿಯಿರಿ, ತೇವ ಅಲ್ಲಿಂದಲೇ ಜಾಸ್ತಿ ಓಡುವುದು. ಒಲೆಯ ಮೇಲಿನ ಅಟ್ಟ ಬೇಡ, ಅಲ್ಲಿ ಬೇಗ ಒಣಗಿ ಇನ್ನೂ ಸೀಳುತ್ತದೆ. ಗಾಳಿಯಾಡುವ ನೆರಳು ಸಾಕು. ನಾನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಪೆನ್ಸಿಲ್ಲಿನಲ್ಲಿ ಮರದ ಮೇಲೆಯೇ ಬರೆಯುತ್ತೇನೆ. ತೂಕ ಇಳಿಯುವುದು ನಿಂತರೆ ಕಡೆಯಲು ಸಿದ್ಧ. ಜುಲೈ ಮಳೆಯಲ್ಲಿ ತೂಕ ಮತ್ತೆ ಏರುತ್ತದೆ, ಗಾಬರಿ ಬೇಡ. ನಮ್ಮ ಮಲೆನಾಡ ಗಾಳಿಯೇ ಹಾಗೆ. ಆ ತಿಂಗಳುಗಳಲ್ಲಿ ನಾನು ಹಳೆ ಹಲಸು ಕಡೆಯುತ್ತೇನೆ.

ಇಷ್ಟಾದ ಮೇಲೂ ಸಣ್ಣ ಬಿರುಕು ಬಂದರೆ, ಫಿಲ್ಟರಿನ ಕಾಫಿ ಚರಟವನ್ನು ಬಿಸಿಲಲ್ಲಿ ಗರಿಗರಿ ಒಣಗಿಸಿ ಬಿರುಕಿಗೆ ತುಂಬಿ, ಮೇಲೆ ಎರಡು ಹನಿ ಫೆವಿಕ್ವಿಕ್ ಬಿಡಿ. ಗಟ್ಟಿಯಾದ ಮೇಲೆ ಉಜ್ಜಿದರೆ ಕಡು ಕಂದು ಗೆರೆ, ಬೇಕಂತಲೇ ಹಾಕಿದ ಹಾಗಿರುತ್ತದೆ. ಕಾಫಿ ಮರದಲ್ಲಿ ಕಾಫಿ ಪುಡಿ, ನನಗಂತೂ ಬಹಳ ಹಿಡಿಸಿತು.

ಲೇತಿಗೆ ಹಿಡಿಸುವ ಬಗೆ ಎಲ್ಲದಕ್ಕೂ ಒಂದೇ. ಫೇಸ್‌ಪ್ಲೇಟಿಗೆ (ಲೇತಿನ ತಿರುಗುವ ತಟ್ಟೆ) ಒಂದು ಮರದ ತುಂಡು ಬಿಗಿದು, ಅದರ ಮುಖ ಸಪಾಟು ಮಾಡಿ, ಹಲಗೆಯಿಂದ ದುಂಡಗೆ ಕೊಯ್ದ ಬಿಲ್ಲೆಯನ್ನು ಡಬಲ್ ಸೈಡ್ ಟೇಪಿನಿಂದ ಅಂಟಿಸುವುದು. ಬೀಟೆಯಲ್ಲಿ ಎಣ್ಣೆ ಅಂಶ ಇರುವುದರಿಂದ ಥಿನ್ನರಿನಲ್ಲಿ ಒರೆಸದಿದ್ದರೆ ಟೇಪ್ ಸರಿಯಾಗಿ ಕೂರುವುದಿಲ್ಲ. ಕಾಫಿ ಮೇಲೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಬಿಲ್ಲೆಯನ್ನು ನಡುವಿನಿಂದ ಸ್ವಲ್ಪ ಸರಿಸಿ ಅಂಟಿಸಿ, ವೇಗ ತಗ್ಗಿಸಿ ಮತ್ತೊಂದು ಸುತ್ತು ಕಡೆದರೆ ಬಿದಿಗೆ ಚಂದ್ರನಂಥ ಆಕಾರ ಮೂಡುತ್ತದೆ. ಮುಖಕ್ಕೆ ಶೀಲ್ಡ್, ಮೂಗಿಗೆ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ.

ಇಲ್ಲಿ ರೋಬಸ್ಟಾ ಇನ್ನೊಂದು ಸಲ ಗೆಲ್ಲುತ್ತದೆ. ಸುತ್ತಿನ ಬುಡದಲ್ಲಿ ಸಣ್ಣ ಗೀರು ಹಾಕಿ, ಎರಡೂ ತುದಿಗೆ ಮರದ ಹಿಡಿ ಕಟ್ಟಿದ ತೆಳು ತಂತಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಿದ ಬಿಸಿಗೆ ಗೀರು ಸುಟ್ಟು ಕಪ್ಪಾಗುತ್ತದೆ. ತಂತಿಯನ್ನು ಬೆರಳಿಗೆ ಮಾತ್ರ ಸುತ್ತಿಕೊಳ್ಳಲೇಬೇಡಿ. ಕೆನೆ ಬಣ್ಣದ ಮೇಲೆ ಆ ಕಪ್ಪು ಗೆರೆ ಎದ್ದು ಕಾಣುತ್ತದೆ. ಬೀಟೆ ಮೇಲೆ ಎಷ್ಟು ಸುಟ್ಟರೂ ಕಾಣುವುದಿಲ್ಲ.

ಪಾಲಿಶಿಗೆ ಅಗಸೆ ಎಣ್ಣೆ, ಆಮೇಲೆ ಜೇನುಮೇಣ. ಕೊಬ್ಬರಿ ಎಣ್ಣೆ ಬೇಡ, ಅದು ಒಣಗುವುದೇ ಇಲ್ಲ.

ನನ್ನದು ಸಂಜೆಯ ಒಂದೆರಡು ಗಂಟೆಯ ಕೆಲಸ, ಚಿಕ್ಕ ಲೇತ್, ಮರಕ್ಕೆ ಅಂತ ತಿಂಗಳಿಗೆ ತೆಗೆದಿಡುವ ದುಡ್ಡು ಕಡಿಮೆ. ಕಾಯುವುದಕ್ಕೆ ತೊಂದರೆ ಇಲ್ಲ, ಯಾರಿಗೂ ಇಂಥ ದಿನ ಕೊಡುತ್ತೇನೆ ಅಂತ ಮಾತು ಕೊಟ್ಟಿಲ್ಲ. ಆದ್ದರಿಂದ ಒಣಗಲು ತಿಂಗಳುಗಟ್ಟಲೆ ಹಿಡಿದರೂ ರೋಬಸ್ಟಾ ನನಗೆ ಸರಿ. ಮುಂದಿನ ವಾರದ ಮದುವೆಗೆ ಉಡುಗೊರೆ ಬೇಕು ಅನ್ನುವವರು ಹಳೆ ಹಲಸು ಹಿಡಿಯಿರಿ. ಹೋಂಸ್ಟೇ ಬಾಗಿಲಲ್ಲಿ ಮಾರುವವರಿಗೆ ಬೀಟೆ ಅನ್ನುವ ಹೆಸರಿಗೇ ಬೆಲೆ ಬರಬಹುದು, ಎಲ್ಲಿಂದ ಬಂದ ಮರ ಅಂತ ಹೇಳಲು ಬರುವಂತಿರಲಿ.

ಬೊಡ್ಡೆ ಕೇಳುವುದಕ್ಕೆ ಹೊತ್ತು ಅಂತ ಇದೆ. ರೋಬಸ್ಟಾ ಕುಯ್ಲು ಮುಗಿದು, ಮಳೆ ಹಿಡಿಯುವ ಮುಂಚೆ, ಹಳೆ ಗಿಡ ಕೀಳುವಾಗ ತೋಟಕ್ಕೆ ಹೋಗಿ. ಸೌದೆ ಅಂತ ತುಂಡು ಮಾಡಿಬಿಟ್ಟ ಮೇಲೆ ಹೋದರೆ ಗೇಣುದ್ದದ ಚೂರು ಮಾತ್ರ ಸಿಗುತ್ತದೆ, ತುದಿಯ ಬಿರುಕು ಕೊಯ್ದು ತೆಗೆದರೆ ಅದರಲ್ಲಿ ಏನೂ ಉಳಿಯುವುದಿಲ್ಲ. ಕನಿಷ್ಠ ಮೊಳದುದ್ದ ಬಿಟ್ಟು ಕೊಯ್ಯಲು ಮೊದಲೇ ಹೇಳಿಡಿ.