ಪುಣೆಯ ಖನಿಜದಂಗಡಿಯ ಪ್ರೂಸ್ಟೈಟ್: ಹರಳು ಅಸಲಿ, ದೀಪ ತಪ್ಪು

ವಾಘೋಲಿಯ ನೀಲಿ ಕ್ಯಾವನ್ಸೈಟ್, ಸ್ಟಿಲ್ಬೈಟ್ ಖನಿಜಗಳಿಗೆ ಹೆಸರಾದ ಪುಣೆಯಲ್ಲಿ ಪ್ರೂಸ್ಟೈಟ್ ಮಾರಾಟಕ್ಕೆ ಸಿಗುವುದೇ ಅಪರೂಪ. ಬೆಳ್ಳಿ, ಆರ್ಸೆನಿಕ್, ಗಂಧಕ ಸೇರಿದ ಖನಿಜವಿದು; ತೂಕದಲ್ಲಿ ಸುಮಾರು 65% ಬೆಳ್ಳಿಯೇ. ಈ ಅಂಗಡಿಯವರು ಚೀಟಿಯಲ್ಲಿ ಚಿಲಿಯ ಗಣಿಯ ಹೆಸರನ್ನೂ ಬರೆದುಕೊಡುತ್ತಾರೆ, ಅದು ನಿಜಕ್ಕೂ ಮೆಚ್ಚುವಂಥದ್ದು.

ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಹರಳಿನ ಹಿಂಬದಿಯ ಅಂಚನ್ನು ಹಗುರವಾಗಿ ಎಳೆದರೆ ಕುಂಕುಮದಂಥ ಗೆರೆ ಮೂಡಬೇಕು. ಗೆರೆ ನೇರಳೆಗೆಂಪಾದರೆ ಅದು ಆರ್ಸೆನಿಕ್ ಬದಲು ಆಂಟಿಮನಿಯಿರುವ ಪೈರಾರ್ಗೈರೈಟ್, ಬೆಳ್ಳಿ ಸುಮಾರು 60%. ಬಿಡಿ ಹರಳಾದರೆ ದಾರ ಕಟ್ಟಿ ನೀರಿನಲ್ಲಿ ತೂಗಿ ನೋಡಿ: 5.6 ಗ್ರಾಮಿನದು ಸುಮಾರು 1 ಗ್ರಾಂ ಹಗುರಾಗುತ್ತದೆ. ಅಷ್ಟೇ ತೂಕದ ಕೆಂಪು ಗಾಜಾದರೆ ಈ ಇಳಿಕೆ 2 ಗ್ರಾಂ ದಾಟುತ್ತದೆ.

ಬೇಸರವೆಂದರೆ ಪ್ರಖರ ದೀಪದ ಕೆಳಗಿನ ಗಾಜಿನ ಕಪಾಟು. ಬೆಳಕು ಬಿದ್ದಷ್ಟೂ ಈ ಖನಿಜ ಕಪ್ಪಾಗುತ್ತದೆ; ಒಳಗಿನ ಮಾಣಿಕ್ಯಗೆಂಪು ಮುಚ್ಚಿಹೋಗುತ್ತದೆ. ಮುಂದಿನ ಸಾಲಿನ ಎರಡು ಹರಳು ಆಗಲೇ ಮಸಿಬಣ್ಣಕ್ಕೆ ತಿರುಗಿವೆ! ಮುಚ್ಚಿದ ಡಬ್ಬಿಯಲ್ಲಿರುವುದನ್ನೇ ಕೇಳಿ ಪಡೆಯಿರಿ, ಮನೆಯಲ್ಲೂ ಕತ್ತಲಲ್ಲೇ ಇಡಿ. ಹತ್ತರ ಮೋಸ್ ಅಳತೆಯಲ್ಲಿ ಗಡಸುತನ 2ರಿಂದ 2.5, ಹೆಚ್ಚುಕಡಿಮೆ ಉಗುರಿನಷ್ಟು, ಬ್ರಷ್ಷಿನಿಂದ ಉಜ್ಜಬೇಡಿ. ಆರ್ಸೆನಿಕ್ ಇರುವುದರಿಂದ ಕಾಯಿಸಲೇಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು.